ಬಿಳಿ ಮುಚ್ಚಳದ ಬಾಟಲಿ

ಕಾವಲುಗಾರ ಕಾಗದವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿ ಗುರುಲಿಂಗಪ್ಪನ ಕೈಗೇ ತಿರುಗಿ ಕೊಟ್ಟ. ಇದು ಯಾವ ಲಿಪಿ, ಒಳಗೆ ಇದನ್ನು ಓದುವವರು ಯಾರಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದ. ಗುರುಲಿಂಗಪ್ಪ ಬಾಯಿಮಾತಿನಲ್ಲಿ ಹೇಳಿದ್ದನ್ನು ಅವನಾಗಲೇ ಫೋನಿನಲ್ಲಿ ಮೇಲಕ್ಕೆ ತಿಳಿಸಿದ್ದ. ಬರಹದಲ್ಲಿ ಕೊಡಲಿ, ಮರಾಠಿಯೋ ಇಂಗ್ಲಿಷೋ ಇರಲಿ ಎಂದು ಮೇಲಿನಿಂದ ಉತ್ತರ ಬಂದಿತ್ತು. ಗೇಟಿನ ಗಡಿಯಾರದಲ್ಲಿ ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷ.

ಗುರುಲಿಂಗಪ್ಪ ಸಂಭಾಜಿನಗರದಿಂದ ಬೆಳಗಿನ ಗಾಡಿಗೆ ಬಂದಿದ್ದ. ಮೊಣಕಾಲ ಮೇಲೆ ಚೀಲ ಇಟ್ಟುಕೊಂಡು ದಾರಿಯುದ್ದಕ್ಕೂ ಬರೆದ. ಮನ್ಮಾಡಿನ ಹೊರಗೆ ಸಿಗ್ನಲ್ ಸಿಗದೆ ಗಾಡಿ ಮುಕ್ಕಾಲು ತಾಸು ನಿಂತಾಗ ಕೊನೆಯ ಸಾಲು ಮುಗಿಸಿ ಸಹಿ ಹಾಕಿದ. ಭಾಲ್ಕಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ಬಿಟ್ಟರೆ ಅವನಿಗೆ ಬೇರೆ ಬರವಣಿಗೆ ಇರಲಿಲ್ಲ. ಮೂವತ್ತು ವರ್ಷದಿಂದ ಮರಾಠಿಯಲ್ಲಿ ಮಾತಾಡಿದ್ದ, ಬೈಸಿಕೊಂಡಿದ್ದ. ಬರೆಯುವ ಪ್ರಸಂಗ ಬಂದಿರಲಿಲ್ಲ.

ಈ ನಾಸಿಕ್ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವನ ಅಳಿಯ ಗುರುಪ್ರಸಾದ ಇದ್ದ. ಅವನ ಜೊತೆ ಇನ್ನೂ ಹನ್ನೊಂದು ಜನ. ಅಂಬಡದ ಕಾರ್ಖಾನೆ ಗುತ್ತಿಗೆಯವರನ್ನೆಲ್ಲ ತೆಗೆದುಹಾಕಿದ ಮೇಲೆ ಐದು ತಿಂಗಳು ಕೂತಿದ್ದ ಗುರುಪ್ರಸಾದ, ಹೊಸ ಮಾತ್ರೆಯನ್ನು ಮನುಷ್ಯರ ಮೇಲೆ ಮೊದಲ ಸಲ ನೋಡುವ ಪರೀಕ್ಷೆಗೆ ಸಹಿ ಹಾಕಿದ್ದ. ಇವತ್ತು ಸರಿಯಾಗಿ ಒಂಬತ್ತಕ್ಕೆ ಹನ್ನೆರಡೂ ಜನ ಮಾತ್ರೆ ನುಂಗಿದ್ದರು. ನುಂಗಿದ ಒಂದು ತಾಸಿನೊಳಗೆ ಹೊಟ್ಟೆ ತೊಳೆದರೆ ವಿಷದ ದೊಡ್ಡ ಪಾಲು ಹೊರಗೆ ಬರುತ್ತದೆ ಎಂದು ತನ್ನ ಕಂಪನಿಯ ಪಶುವೈದ್ಯರು ಮಾತಾಡಿಕೊಳ್ಳುವುದನ್ನು ಗುರುಲಿಂಗಪ್ಪ ಎಷ್ಟೋ ಸಲ ಕೇಳಿದ್ದ. ಇನ್ನು ಉಳಿದದ್ದು ಮೂವತ್ತೈದು ನಿಮಿಷ.

ರಿಕ್ಷಾದಿಂದ ಗುರುಲಿಂಗಪ್ಪನ ಮಗಳು ಮಂಜುಶ್ರೀ ಇಳಿದಳು. ತನ್ನ ಮಗಳು ಅನ್ವಿತಾಳನ್ನು ಪಕ್ಕದ ಮನೆಯ ಶಬಾನಾಳ ಹತ್ತಿರ ಬಿಟ್ಟು ಬಂದಿದ್ದಳು. ನಸುಕಿನಿಂದ ಏಳು ಸಲ ಫೋನ್ ಮಾಡಿ ಬರೀ ನಿಲ್ಲಿಸು, ನಿಲ್ಲಿಸು ಎಂದರೆ ಏನು ಅರ್ಥ, ಗಂಡನ ಫೋನು ನಿನ್ನೆಯಿಂದ ಈ ಕಟ್ಟಡದವರ ಕಪಾಟಿನಲ್ಲಿದೆ, ತಾನು ಯಾರಿಗೆ ಏನಂತ ಹೇಳಲಿ ಎಂದು ಬಂದವಳೇ ಸಿಡುಕಿದಳು. ಗುರುಲಿಂಗಪ್ಪ ಕಾಗದ ಚಾಚಿದ. ಅವಳು ಅದನ್ನು ನೋಡಿ ಅಪ್ಪನ ಮುಖ ನೋಡಿದಳು.

"ನಂಗ ಇದು ಓದಾಕ ಬರಲ್ಲ, ಅಪ್ಪಾ."

ಅದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಕೇಳಿ ಕೇಳಿ ಮಾತು ಬಂದಿತ್ತು, ಶಾಲೆ ಮರಾಠಿಯದು. ಕನ್ನಡದ ಅಂಕಲಿಪಿಯೊಂದನ್ನು ತಂದುಕೊಡಬೇಕು ಎಂದು ಅವಳ ಅವ್ವ ಪ್ರೇಮಾಬಾಯಿ ಬದುಕಿರುವವರೆಗೂ ಹೇಳುತ್ತಿದ್ದಳು. ಮಂಜುಶ್ರೀ ಕಾವಲುಗಾರನಿಂದ ಪೆನ್ನು, ಎರಡು ಹಾಳೆ ಇಸಿದುಕೊಂಡು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. "ನೀವು ಓದ್ರಿ. ನಾ ಮರಾಠಿನಾಗ ಬರ್ಕೋತೀನಿ. ಜಲ್ದಿ."

ಅವಳಿಗೆ ಕೇಳಿಸಬಾರದು ಎಂದೇ ಅವನು ಬರೆದು ತಂದಿದ್ದ. ಈಗ ಒಂದೊಂದೇ ಸಾಲು ಅವಳ ಮುಂದೆ ಬಾಯಿ ಬಿಟ್ಟು ಓದಬೇಕಾಗಿತ್ತು.

ಮೊದಲ ಸಾಲುಗಳು ಸಲೀಸಾಗಿ ಹೋದವು. ತಾನು ಗುರುಲಿಂಗಪ್ಪ, ವಾಳೂಜಿನ ಔಷಧ ಪರೀಕ್ಷಾ ಕಂಪನಿಯ ಪ್ರಾಣಿಗೃಹದಲ್ಲಿ ಹನ್ನೊಂದು ವರ್ಷದಿಂದ ಸೇವಕ. ಮೊಲ, ಇಲಿಗಳ ಊಟ, ಪಂಜರ, ಮದ್ದು ಕುಡಿಸುವ ಕೆಲಸ ತನ್ನದು.

ಆ ಪ್ರಾಣಿಗೃಹಕ್ಕೆ ಹೋಗುವವರು ಸ್ನಾನ ಮಾಡಿ, ಮೈಮೇಲಿನದನ್ನೆಲ್ಲ ಬಿಚ್ಚಿಟ್ಟು, ಕಂಪನಿಯ ನೀಲಿ ಅಂಗಿ ತೊಟ್ಟೇ ಹೋಗಬೇಕು. ಕೊರಳಿನ ಲಿಂಗ ಮಾತ್ರ ತೆಗೆಯಲಾರೆ ಎಂದು ಗುರುಲಿಂಗಪ್ಪ ಮೊದಲ ದಿನವೇ ಕೈಮುಗಿದಿದ್ದ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಗೆ ಕಟ್ಟಿಕೊಳ್ಳಲು ಮೇಲಧಿಕಾರಿ ಡಾಕ್ಟರ್ ಪ್ರಜ್ಞಾ ಒಪ್ಪಿಗೆ ಕೊಟ್ಟಿದ್ದರು. ಮೊಲಗಳ ಕೋಣೆ ಹಗಲೂ ರಾತ್ರಿ ತಂಪು. ಗುರುಲಿಂಗಪ್ಪನ ಮನೆಗೆ ತಗಡಿನ ಚಾವಣಿ. ವರ್ಷಕ್ಕೊಮ್ಮೆ ಪ್ರಾಣಿಗಳ ಯೋಗಕ್ಷೇಮ ನೋಡುವ ಸಮಿತಿಯವರು ಬಂದು ಮೊಲಕ್ಕೆ ಮೈ ಚಾಚಲು ಜಾಗ ಸಾಲುತ್ತದೋ ಇಲ್ಲವೋ ಎಂದು ಪಂಜರ ಅಳೆಯುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿಯುವವನು ಅವನೇ. ಆಮೇಲೆ ಸಮಿತಿ ಊಟಕ್ಕೆ ಹೋಗುತ್ತಿತ್ತು. ಅಳತೆ ಸರಿಯಿದ್ದ ಪಂಜರದಲ್ಲಿ ಮೊಲಗಳು ಅಳತೆ ಸರಿಯಾಗಿಯೇ ಸಾಯುತ್ತಿದ್ದವು.

"ಹೋದ ಶ್ರಾವಣದಾಗ ಕೆ-614 ಅನ್ನೋ ಔಷಧ ಮೊಲಗಳಿಗೆ ಕೊಡೋದು ಬಂತು," ಎಂದು ಓದಿದ.

ಮಂಜುಶ್ರೀಯ ಪೆನ್ನು ನಿಂತಿತು. ಮೊಬೈಲ್ ತೆಗೆದು ಚಿತ್ರವೊಂದನ್ನು ದೊಡ್ಡದು ಮಾಡಿದಳು. ಗಂಡ ಸಹಿ ಹಾಕಿದ ಒಪ್ಪಿಗೆ ಪತ್ರ. ಇಂಥ ಕಡೆ ಕೆಲಸ ಮಾಡುವ ಅಪ್ಪ ಒಮ್ಮೆ ನೋಡಿರಲಿ ಎಂದು ನಿನ್ನೆ ಅವಳೇ ಕಳಿಸಿದ್ದಳು. ಮೇಲಿನ ಮೂಲೆಯಲ್ಲಿ ಅದೇ ಅಕ್ಷರ, ಅದೇ ಅಂಕಿ. ಅಷ್ಟನ್ನು ಓದಲು ಗುರುಲಿಂಗಪ್ಪನಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಇಪ್ಪತ್ನಾಲ್ಕು ಪಂಜರಗಳ ಚೀಟಿಗಳ ಮೇಲೆ ಅದನ್ನು ಬರೆದವನು ಅವನೇ.

"ಇದೇ ಅದೇನು?"

"ಇದೇ ಅದ. ಬರಿ ಅವ್ವಾ, ಟೈಮ್ ಇಲ್ಲ."

ಅದು ಕೀಲುನೋವಿನ ಔಷಧ, ವಾರಕ್ಕೊಂದು ತೆಗೆದುಕೊಂಡರೆ ಸಾಕು ಎನ್ನುವಂಥದು. ಇಲಿಗಳಿಗೆ ಏನೂ ಆಗಿರಲಿಲ್ಲ. ಮೊಲಗಳಿಗೆ ನಾಲ್ಕು ಸೋಮವಾರ, ನಾಲ್ಕು ಸಲ ಕುಡಿಸಬೇಕು. ಬಿಳಿ ಮುಚ್ಚಳದ ಬಾಟಲಿಯಲ್ಲಿ ಮದ್ದಿಲ್ಲದ ಬರೀ ಗಂಜಿಯಂಥ ನೀರು, ಕೆಂಪು ಮುಚ್ಚಳದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಮಾಣ. ಕೆಂಪಿನದು ಆರು ಮೊಲಗಳಿಗೆ. ಮದ್ದು ಕುಡಿಸುವಾಗ ತಂತ್ರಜ್ಞ ಅಕ್ಷಯ ಎದುರಿಗೆ ನಿಂತು ಬರೆದುಕೊಳ್ಳಬೇಕು ಎನ್ನುವುದು ನಿಯಮ. ಆದರೆ ಅಕ್ಷಯ ಶ್ರಾವಣ ಸೋಮವಾರ ತಪ್ಪದೆ ವೇರೂಳಿನ ಘೃಷ್ಣೇಶ್ವರಕ್ಕೆ ಹೋಗುವವನು. ನಸುಕಿನಲ್ಲೇ ಸರದಿಗೆ ನಿಲ್ಲಬೇಕು, ದರ್ಶನ ಮುಗಿಯುವಾಗ ಮಧ್ಯಾಹ್ನ ಆಗುತ್ತದೆ. ಹಿಂದಿನ ದಿನವೇ ಎಲ್ಲ ಹಾಳೆಗಳಿಗೂ ಸಹಿ ಹಾಕಿಟ್ಟು, ಕಾಕಾ, ನೀನೇ ನೋಡಿಕೋ ಎಂದು ಹೇಳಿಹೋಗಿದ್ದ.

ಮೊದಲ ಸೋಮವಾರ ಗುರುಲಿಂಗಪ್ಪ ಒಬ್ಬನೇ. ಅವನಿಗೂ ಅವತ್ತು ಉಪವಾಸ. ಮೊಲವನ್ನು ಟವಲಿನಲ್ಲಿ ಸುತ್ತಿ, ಎಡಗೈಯಲ್ಲಿ ಎದೆಗೆ ಅವಚಿ, ಹಲ್ಲುಗಳ ನಡುವೆ ತೂತಿನ ಕಟ್ಟಿಗೆ ತುಂಡು ಕೊಟ್ಟು, ತೂತಿನೊಳಗಿಂದ ರಬ್ಬರ್ ನಳಿಗೆ ಇಳಿಸಿದ. ಹೊರಗುಳಿದ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿದ. ಗುಳ್ಳೆ ಎದ್ದರೆ ನಳಿಗೆ ಉಸಿರಿನ ದಾರಿಗೆ ಹೋಗಿದೆ ಎಂದು ಅರ್ಥ. ಆರು ಮೊಲಗಳಲ್ಲಿ ಒಂದರದೂ ಗುಳ್ಳೆ ಎದ್ದಿರಲಿಲ್ಲ.

"ಎರಡನೇ ತಾಸಿಗೆ ಆರೂ ಮೊಲ ತುಟಿ ನೆಕ್ಕಾಕ ಹತ್ತಿದವು," ಎಂದು ಓದಿದ. "ನೆಕ್ಕಿದ್ದೇ ನೆಕ್ಕಿದ್ದು. ಮೂರನೇ ತಾಸಿಗೆ ಕುತ್ತಿಗಿ ಎಡಕ್ಕ ತಿರುವಿತು. ಆಮ್ಯಾಲ ಚೀರಿದವು."

ಮೊಲ ಚೀರುತ್ತದೆ ಎನ್ನುವುದೇ ಅವನಿಗೆ ಹನ್ನೊಂದು ವರ್ಷ ಗೊತ್ತಿರಲಿಲ್ಲ. ಜೀವಮಾನವಿಡೀ ಬಾಯಿ ಬಿಡದ ಪ್ರಾಣಿ. ಅದನ್ನು ಅವನು ಕಾಗದದಲ್ಲಿ ಬರೆದಿರಲಿಲ್ಲ, ಈಗ ಮಗಳಿಗೂ ಹೇಳಲಿಲ್ಲ. ಎರಡು ಮೊಲ ಸತ್ತವು. ನಾಲ್ಕು ಸಂಜೆಯ ಹೊತ್ತಿಗೆ ತಲೆ ಎತ್ತಿ ಕೂತವು.

ಮಂಗಳವಾರ ಅಕ್ಷಯ ಪ್ರಸಾದದ ಪೇಢೆ ತಂದ. ನಡೆದದ್ದನ್ನು ಕೇಳಿ ಮುಖ ಇಳಿಸಿಕೊಂಡ. ಮದ್ದಿನಿಂದ ಸತ್ತವು ಎಂದು ಬರೆದರೆ ಆ ಹೊತ್ತಿನಲ್ಲಿ ನೀನೇನು ಕಂಡೆ ಎಂದು ತನ್ನನ್ನು ಕೇಳುತ್ತಾರೆ. ತಾನಾಗ ವೇರೂಳಿನ ಸರದಿಯಲ್ಲಿದ್ದವನು. ಕೈತಪ್ಪಿ ನಳಿಗೆ ಶ್ವಾಸನಾಳಕ್ಕೆ ಹೋಯಿತು ಎಂದು ಬರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಎಲ್ಲ ಕಂಪನಿಯಲ್ಲೂ ಹೀಗಾಗುತ್ತದೆ ಎಂದ. ಆ ಒಂದು ಸಾಲಿನ ಕೆಳಗೆ ಗುರುಲಿಂಗಪ್ಪ ಸಹಿ ಹಾಕಿದ. ಉಳಿದ ನಾಲ್ಕರ ಮುಂದೆ ಅಕ್ಷಯ, ಸಾಮಾನ್ಯ ಸ್ಥಿತಿ ಎಂದು ತುಂಬಿದ.

"ಮುಂದ," ಎಂದಳು ಮಂಜುಶ್ರೀ. ತಲೆ ಎತ್ತಲಿಲ್ಲ.

ಗುರುಲಿಂಗಪ್ಪ ಮುಂದಿನ ಸಾಲಿನ ಮೇಲೆ ಬೆರಳಿಟ್ಟು ಓದಿದ.

"ಎರಡನೇ ಸೋಮವಾರ, ಮೂರನೇದು, ನಾಲ್ಕನೇದು, ಕೆಂಪ್ ಮುಚ್ಚಳದ್ದು ನಾ ಕೊಡ್ಲಿಲ್ಲ. ಬಿಳಿ ಮುಚ್ಚಳದ್ದು ಕೊಟ್ಟಿನಿ. ಕೆಂಪಿಂದು ಮೋರಿಗೆ ಸುರಿವಿದಿನಿ. ಹಾಳಿ ಮ್ಯಾಲ ಕೊಟ್ಟಿನಿ ಅಂತ ಗುರ್ತು ಹಾಕಿ ಸಹಿ ಮಾಡಿನಿ."

ಪೆನ್ನು ಕಾಗದದ ಮೇಲೆಯೇ ನಿಂತುಬಿಟ್ಟಿತು. ರಸ್ತೆಯಲ್ಲಿ ತ್ರ್ಯಂಬಕದ ಕಡೆಗೆ ಹೋಗುವ ಬಸ್ಸೊಂದು ಧೂಳೆಬ್ಬಿಸಿ ಹೋಯಿತು.

"ಯಾಕ?"

ಗುರುಲಿಂಗಪ್ಪ ಅಂಗಿಯ ಮೇಲಿಂದಲೇ ಎದೆ ಮುಟ್ಟಿಕೊಂಡ. "ಎದಿಗಿ ಅವಚಿ ಹಿಡದಾಗ ಅದರ ಜೀವ ಲಿಂಗಕ್ಕ ಬಡೀತದ ಮಂಜಿ. ಟಕ ಟಕ ಅಂತದ. ಶ್ರಾವಣ ಸೋಮವಾರ. ನಂಗ ಕೈ ಬರ್ಲಿಲ್ಲ."

"ಅವು ಬದುಕಿದ್ವೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಪರೀಕ್ಷೆ ಮುಗಿದ ವಾರ ನಾಲ್ಕನ್ನೂ ಕೊಂದು ಕೊಯ್ದು ಒಳಗಿನ ಅಂಗಗಳನ್ನು ನೋಡಿದರು. ಕೊಲ್ಲುವ ಕೋಣೆಗೆ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದವನೂ ಅವನೇ. ಮಿದುಳು ಸ್ವಚ್ಛ, ಯಕೃತ್ತು ಸ್ವಚ್ಛ. ಇಷ್ಟು ದೊಡ್ಡ ಪ್ರಮಾಣವನ್ನು ಮೊಲ ನಾಲ್ಕು ವಾರ ತಡೆದುಕೊಂಡಿತು ಎಂದು ವರದಿ ಬರೆದರು. ಆ ಪ್ರಮಾಣವನ್ನೇ ಭಾಗಿಸಿ ಮನುಷ್ಯ ಎಷ್ಟು ನುಂಗಬಹುದು ಎಂದು ಲೆಕ್ಕ ಹಾಕುತ್ತಾರೆ. ಅವನ ಕರುಣೆಯಿಂದ ಮೊಲಗಳಿಗೆ ಸಿಕ್ಕಿದ್ದು ಮೂರು ವಾರ.

"ಮತ್ತ ಯಾಕ ಅಪ್ಪಾ?" ಎಂದು ಮಂಜುಶ್ರೀ ಅದನ್ನೇ ಕೇಳಿದಳು. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ. "ಅವರು ನಿಮಗ ಫೋನ್ ಮಾಡಿ ಕೇಳಿದ್ರು. ಮಾಮಾ, ಈ ಔಷಧ ಮೊದಲ ಯಾರಿಗರ ಕೊಟ್ಟು ನೋಡಿರ್ತಾರೇನ್ರಿ ಅಂತ. ನಾ ಬಾಜೂಕೇ ನಿಂತಿದ್ದೆ. ನೀವು ಏನಂದ್ರಿ?"

ಅವನು ಅಂದದ್ದು ಅವನಿಗೆ ನೆನಪಿತ್ತು. ನಮ್ಮಂಥವರ ಕೈಯಾಗ ಹಾದು ಬಂದಿರ್ತದ, ಅಳಿಯಂದ್ರ, ಹೆದರಬ್ಯಾಡ್ರಿ ಎಂದಿದ್ದ. ಯಾವ ಔಷಧ ಎಂದು ಕೇಳಿರಲಿಲ್ಲ. ಅಳಿಯನೊಬ್ಬ ತನ್ನ ಕೆಲಸದ ವಿಷಯದಲ್ಲಿ ತನ್ನ ಸಲಹೆ ಕೇಳಿದ್ದೇ ಅವನಿಗೆ ಆವತ್ತು ದೊಡ್ಡದಾಗಿತ್ತು.

"ನಿನ್ನೇನೇ ಗೊತ್ತಾದ್ರ ನಿನ್ನೇನೇ ಯಾಕ ಬರ್ಲಿಲ್ಲ?"

ನಿನ್ನೆ ಭಾನುವಾರದ ಪಾಳಿ ಮುಗಿಸಿ ಫೋನು ಕೈಗೆ ತೆಗೆದುಕೊಂಡಾಗ ಮೂರು ಗಂಟೆ. ಚಿತ್ರ ನೋಡಿದವನೇ ಗಾರಖೇಡದಲ್ಲಿರುವ ಡಾಕ್ಟರ್ ಪ್ರಜ್ಞಾರ ಮನೆಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಎಲ್ಲ ಹೇಳಿದ್ದ. ಅವರು ನೀರು ಕೊಟ್ಟರು. ನೀವು ಮನೆಗೆ ಹೋಗಿ, ನಾಸಿಕಿಗೆ ನಾನು ಮಾತಾಡುತ್ತೇನೆ, ನೀವು ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದರು. ಹನ್ನೊಂದು ವರ್ಷ ಅವರು ಹೇಳಿದ ಮಾತು ಕೇಳಿಯೇ ರೂಢಿ. ಮನೆಗೆ ಹೋದ. ನಸುಕಿಗೆ ಎದ್ದು ಫೋನ್ ಮಾಡಿದರೆ ಅವರು ಎತ್ತಲಿಲ್ಲ. ಎರಡನೆಯ ಸಲ ಮಾಡಿದಾಗ ಫೋನು ಬಂದ್ ಆಗಿತ್ತು.

ಮಂಜುಶ್ರೀ ಉಳಿದ ಎರಡು ಸಾಲು ತಾನೇ ಬರೆದಳು. ಹನ್ನೆರಡೂ ಜನರ ಹೊಟ್ಟೆಯನ್ನು ಕೂಡಲೇ ತೊಳೆಯಬೇಕು ಎಂದು. ಅಪ್ಪನ ಕಡೆ ಹಾಳೆ ನೂಕಿದಳು. ತನಗೆ ಓದಲು ಬಾರದ ಅಕ್ಷರಗಳ ಕೆಳಗೆ ಗುರುಲಿಂಗಪ್ಪ ಸಹಿ ಹಾಕಿದ. ಒಂಬತ್ತು ಐವತ್ತು.

ಮೇಲಿನ ಮಹಡಿಯ ಡಾಕ್ಟರು ಮಂಜುಶ್ರೀಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ನಿಂತುಕೊಂಡೇ ಓದಿದ, ಓದುತ್ತ ಓದುತ್ತ ಕುರ್ಚಿಯಲ್ಲಿ ಕೂತ. ಎರಡನೆಯ ಸಲ ಓದಿ ವಾಳೂಜಿಗೆ ಫೋನ್ ಮಾಡಿದ. ಈ ಸಲ ಡಾಕ್ಟರ್ ಪ್ರಜ್ಞಾ ಎತ್ತಿದರು. ಅವರ ದನಿ ಕೋಣೆಗೆಲ್ಲ ಕೇಳುವಷ್ಟು ಸ್ಪಷ್ಟವಾಗಿತ್ತು, ಅದರಲ್ಲಿ ಸಿಟ್ಟೇನೂ ಇರಲಿಲ್ಲ.

"ತುಂಬ ಒಳ್ಳೆಯ ಮನುಷ್ಯ. ದೇವರ ಮೇಲೆ ಭಕ್ತಿ ಜಾಸ್ತಿ. ತನ್ನ ಕೈಯಿಂದ ಎರಡು ಮೊಲ ಸತ್ತದ್ದನ್ನು ಇನ್ನೂ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಅವನ ಮೇಲೆ ಸಿಟ್ಟು ಮಾಡಬೇಡಿ, ನಾನು ಒಂದು ವಾರ ರಜೆ ಕೊಡುತ್ತೇನೆ. ಕಾಗದಪತ್ರ ಎಲ್ಲ ನಿಮ್ಮ ಹತ್ತಿರವೇ ಇದೆಯಲ್ಲ, ಬೇಕಾದರೆ ಇನ್ನೊಮ್ಮೆ ನೋಡಿ."

ಡಾಕ್ಟರು ಕಪಾಟಿನಿಂದ ದಪ್ಪ ಕಡತ ತೆಗೆದು ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟ. ಹೈ ಡೋಸ್, ಎರಡನೆಯ ಸೋಮವಾರ, ಕೊಡಲಾಗಿದೆ. ಮೂರನೆಯದು, ಕೊಡಲಾಗಿದೆ. ಪಕ್ಕದಲ್ಲಿ ಗುರುತು, ಗುರುಲಿಂಗಪ್ಪನ ಸಹಿ, ಅಕ್ಷಯನ ಸಹಿ.

"ಕಾಗದದಲ್ಲಿ ಎಲ್ಲ ಸರಿ ಇದೆ, ಕಾಕಾ."

"ಆ ಗುರುತು ನಾನೇ ಹಾಕಿದ್ದು, ಸಾಹೇಬ್," ಎಂದು ಗುರುಲಿಂಗಪ್ಪ ಮರಾಠಿಯಲ್ಲಿ ಹೇಳಿದ. "ಆ ಸುಳ್ಳಿಗೆ ಸಹಿ ಹಾಕಿದ ಕೈಯೇ ಈ ಅರ್ಜಿಗೂ ಸಹಿ ಹಾಕಿದೆ."

ನಿಮ್ಮ ಮಾತೊಂದನ್ನೇ ನಂಬಿ ಏನೂ ಆಗದ ಹನ್ನೆರಡು ಜನರ ಗಂಟಲಿಗೆ ನಳಿಗೆ ಇಳಿಸಿದರೆ ನಾಳೆ ತನ್ನ ಕೆಲಸ ಇರುವುದಿಲ್ಲ ಎಂದ ಡಾಕ್ಟರು. ಅವನ ದನಿಯಲ್ಲಿ ಬೇಡಿಕೊಂಡಂತಿತ್ತು. ಏನಾದರೂ ಕಂಡರೆ ಔಷಧ ಇದೆ, ನರ್ಸು ಇದ್ದಾಳೆ, ಕಂಡಮೇಲೆ ಮಾಡೋಣ ಎಂದ. ಕಂಡಮೇಲೆ ಮೊಲಗಳಿಗೆ ಒಂದು ತಾಸೂ ಉಳಿದಿರಲಿಲ್ಲ ಎಂದು ಗುರುಲಿಂಗಪ್ಪ ಹೇಳಿದ. ಮನುಷ್ಯರು ಮೊಲ ಅಲ್ಲ ಎಂದ ಡಾಕ್ಟರು.

ಆಗ ಗುರುಲಿಂಗಪ್ಪ ಅಂಗಿಯ ಗುಂಡಿ ಬಿಚ್ಚಿದ. ಒಳಗಿಂದ ಲಿಂಗ ತೆಗೆದು, ಅರಿವೆ ಸರಿಸಿ, ಎಡ ಅಂಗೈಯ ಮೇಲೆ ಇಟ್ಟುಕೊಂಡು ಮೇಜಿನಾಚೆ ಕೈ ಚಾಚಿದ. ಅದರ ಮೇಲೆ ಬಲಗೈ ಮುಚ್ಚಿ ಆಣೆ ಮಾಡಲು ಬಾಯಿ ತೆರೆದ. ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಇಲ್ಲಿ ಇದೆಲ್ಲ ಬೇಡ ಎಂದ. ಅರ್ಜಿಯ ಮೂಲೆಗೆ, ಬಂದಿದೆ ಎನ್ನುವ ಮುದ್ರೆ ಒತ್ತಿ, ತಾರೀಖು, ವೇಳೆ ಬರೆದು ಕಡತದ ಕೊನೆಯಲ್ಲಿ ಸೇರಿಸಿದ. ಹತ್ತು ಗಂಟೆ ಇಪ್ಪತ್ತೆರಡು ನಿಮಿಷ.

ದೂರದಿಂದ ನೋಡಲು ಬಿಟ್ಟರು. ವಾರ್ಡಿಗೂ ಓಣಿಗೂ ನಡುವೆ ದಪ್ಪ ಗಾಜು. ಒಳಗೆ ಎರಡು ಸಾಲು ಮಂಚ, ಎಲ್ಲರ ಮೈಮೇಲೂ ಒಂದೇ ಬಣ್ಣದ ನೀಲಿ ಅಂಗಿ, ಕೈಗೆ ಅಂಕಿಯ ಪಟ್ಟಿ. ಕೋಣೆ ತಂಪಾಗಿಟ್ಟಿದ್ದರು, ಗಾಜಿನ ಅಂಚು ಮಬ್ಬಾಗಿತ್ತು. ಮಂಚದಿಂದ ಮಂಚಕ್ಕೆ ಎಷ್ಟು ದೂರ ಎಂದು ಗುರುಲಿಂಗಪ್ಪನ ಕಣ್ಣು ತಾನಾಗಿಯೇ ಅಳೆಯಿತು.

ಗುರುಪ್ರಸಾದ ಒಂಬತ್ತನೆಯವನು. ಹೆಂಡತಿ, ಮಾವ ಇಬ್ಬರನ್ನೂ ಕಂಡು ಅವನ ಮುಖ ಅರಳಿತು. ಎದ್ದು ಗಾಜಿನ ಹತ್ತಿರ ಬರಲು ನೋಡಿದ, ನರ್ಸು ಬೇಡ ಎಂದು ಕೈಸನ್ನೆ ಮಾಡಿದಳು. ಕೂತಲ್ಲಿಂದಲೇ ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿದ. ಪಕ್ಕದ ಮಂಚದವನಿಗೆ ಏನೋ ಹೇಳಿದ. ಇವರೇ ನಮ್ಮ ಮಾಮಾ, ಔಷಧದ ಕೆಲಸದವರು ಎಂದೇ ಇರಬೇಕು, ಆ ಪಕ್ಕದವನು ಗುರುಲಿಂಗಪ್ಪನ ಕಡೆ ತಿರುಗಿ ನಮಸ್ಕಾರ ಮಾಡಿದ. ಗುರುಲಿಂಗಪ್ಪನೂ ಕೈಮುಗಿದ. ಮುಗಿದ ಕೈ ಇಳಿಸಲು ಮರೆತ.

"ಎಷ್ಟೊತ್ತಿಗಿ ಶುರು ಆಗಿತ್ತು ಅಂದ್ರಿ?" ಎಂದು ಮಂಜುಶ್ರೀ ಕೇಳಿದಳು.

"ಎರಡನೇ ತಾಸಿಗಿ."

ಒಳಗಿನ ಗೋಡೆಯ ಗಡಿಯಾರ ಇಬ್ಬರಿಗೂ ಕಾಣುತ್ತಿತ್ತು. ಹತ್ತು ಐವತ್ತು. ಕೋಣೆಯ ನಡುವೆ ಮೇಜಿನ ಮೇಲೆ ನೀರಿನ ಸ್ಟೀಲ್ ಡಬ್ಬಿ, ಅದರ ಸುತ್ತ ಬೋರಲು ಹಾಕಿದ ಹನ್ನೆರಡು ಲೋಟ. ಮಾತ್ರೆ ನುಂಗಿ ಎರಡು ತಾಸು ಯಾರಿಗೂ ಒಂದು ಗುಟುಕೂ ನೀರು ಕೊಡುವಂತಿಲ್ಲ ಎಂದು ಬಾಗಿಲಿನ ಮೇಲೆ ಮರಾಠಿಯಲ್ಲಿ ಬರೆದಿತ್ತು. ನರ್ಸು ಡಬ್ಬಿಯ ಪಕ್ಕ ಗಡಿಯಾರ ನೋಡುತ್ತ ನಿಂತಿದ್ದಳು.

ಕಿಟಕಿಯ ಕಡೆಯ ಮಂಚದವನು ನಾಲಿಗೆ ಹೊರಗೆ ತಂದು ತುಟಿ ಸವರಿಕೊಂಡ. ಅವನ ಆಚೆಯವನು ಸವರಿಕೊಂಡ. ಗುರುಪ್ರಸಾದ ನಗುತ್ತಲೇ ಇದ್ದವನು ನಗು ನಿಲ್ಲಿಸಿ ಮೇಲ್ದುಟಿ ನೆಕ್ಕಿದ, ಆಮೇಲೆ ಕೆಳದುಟಿ. ಸ್ವಲ್ಪ ಬಿಟ್ಟು ಮತ್ತೊಮ್ಮೆ.

ಮಂಜುಶ್ರೀ ಅಪ್ಪನ ರಟ್ಟೆ ಹಿಡಿದಳು. "ನೀರಡಿಕಿ ಆಗಿರಬೇಕಲಾ? ಅಪ್ಪಾ, ನೀರಡಿಕಿನೇ ಹೌದಲ್ರಿ?"

ಗುರುಲಿಂಗಪ್ಪ ಗಾಜಿಗೆ ಹಣೆ ಹಚ್ಚಿದ. ಒಳಗೆ ಹನ್ನೆರಡು ಜನರೂ ನೀರಿನ ಡಬ್ಬಿಯ ಕಡೆಗೇ ನೋಡುತ್ತಿದ್ದರು. ಅವನು ಅವರ ಕುತ್ತಿಗೆಗಳನ್ನು ಮೊದಲ ಮಂಚದಿಂದ ಒಂದೊಂದಾಗಿ ನೋಡುತ್ತ ಬಂದ.